ಎರಡನೇ ಸಲ ಬಂದ ಮಲೇರಿಯಾ ಹಳೆಯದಾ, ಹೊಸದಾ? ಅಸಲಿಗೆ ‘ತಳಿ’ ಅಂದರೆ ಏನು?

ಮಳೆಬಿಲ್ಲು · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಬರೆಯುವುದು ಇದೇ ಮೊದಲು. ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ತಮ್ಮನಿಗೆ ಫಾಲ್ಸಿಪೇರಮ್ ಅನ್ನುವ ಜಾತಿಯ ಮಲೇರಿಯಾ ಬಂದಿತ್ತು. ಮೂರು ದಿನದ ಮಾತ್ರೆ ಕೊಟ್ಟರು. ಆರು ಸಲವೂ ನಾನೇ ಎದುರು ನಿಂತು ನುಂಗಿಸಿದೆ. ಜ್ವರ ಬಿಟ್ಟಿತು, ಅವನು ಕೆಲಸಕ್ಕೂ ಹೋದ. 36ನೇ ದಿನ ಮತ್ತೆ ನಡುಕ. ರಕ್ತ ಪರೀಕ್ಷೆ ಮಾಡಿಸಿದರೆ ಮತ್ತೆ ಫಾಲ್ಸಿಪೇರಮ್.

ನೋಡಿದ ಡಾಕ್ಟರು ‘ಮಾತ್ರೆ ಅರ್ಧಕ್ಕೆ ಬಿಟ್ಟಿದ್ದೀರಿ, ಹಳೆಯದೇ ತಲೆ ಎತ್ತಿದೆ’ ಅಂತ ರೇಗಿದರು. ಲ್ಯಾಬಿನವರು ‘ಇಲ್ಲ ಇಲ್ಲ, ಇದು ಹೊಸ ಸೊಳ್ಳೆ ಕಚ್ಚಿದ್ದು’ ಅಂದರು. ಇಬ್ಬರ ಕೈಯಲ್ಲೂ ಇದ್ದದ್ದು ಒಂದೇ ಚೀಟಿ. ಅದರಲ್ಲಿ ಇದ್ದದ್ದು ರೋಗಾಣುವಿನ ಹೆಸರು, ಅಷ್ಟೇ.

ತಮ್ಮ ಈಗ ಆರಾಮಾಗಿದ್ದಾನೆ. ಆದರೆ ನನಗೆ ಮಾತ್ರ ಹುಳ ಹೊಕ್ಕಿದೆ. ಹಳೆಯದಾ ಹೊಸದಾ ಅಂತ ಹೇಳುವುದಕ್ಕೆ ದಾರಿ ಇದೆಯಾ? ಹುಡುಕಿದಾಗ 3ಡಿ7, ಡಿಡಿ2, ಎಚ್‌ಬಿ3 ಅಂತೆಲ್ಲ ‘ತಳಿಗಳ’ ಹೆಸರು ಸಿಕ್ಕಿತು. ಇವೆಲ್ಲ ನಾಯಿ ತಳಿಗಳ ಥರವಾ?

ಗಾಜಿನಪಟ್ಟಿ · ಸೋಮವಾರ, ರಾತ್ರಿ 10:15

ನಾನು ಸ್ಲೈಡ್ ನೋಡುವ ಕೆಲಸದವನು. 20 ವರ್ಷ ಆಯಿತು. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಲ್ಯಾಬಿನವರು ಹೇಳಿದ್ದು ಊಹೆ. ಡಾಕ್ಟರು ಹೇಳಿದ್ದೂ ಊಹೆ.

ಸೂಕ್ಷ್ಮದರ್ಶಕದಲ್ಲಿ ಕಾಣುವುದು ಏನು ಗೊತ್ತಾ? ಗೀಮ್ಸಾ ಬಣ್ಣ ಹಾಕಿದ ಮೇಲೆ ಕೆಂಪು ರಕ್ತಕಣದೊಳಗೆ ತೆಳ್ಳಗಿನ ನೀಲಿ ಉಂಗುರ, ಅದರ ಮೇಲೊಂದು ಕೆಂಪು ಚುಕ್ಕೆ. ಕೆಲವಕ್ಕೆ ಎರಡು ಚುಕ್ಕೆ, ಹೆಡ್‌ಫೋನ್ ಹಾಕಿಕೊಂಡ ಹಾಗೆ. ಅಂಥ ಉಂಗುರಗಳು ಜಾಸ್ತಿ ಇದ್ದು, ಒಂದೇ ಕಣದಲ್ಲಿ ಎರಡು ಮೂರು ಸೇರಿಕೊಂಡಿದ್ದರೆ ಫಾಲ್ಸಿಪೇರಮ್ ಅಂತ ಬರೆಯುತ್ತೇವೆ. ಮಲೇರಿಯಾದ ಇನ್ನೊಂದು ಜಾತಿ ವೈವ್ಯಾಕ್ಸ್ ಆದರೆ ಕಣವೇ ಊದಿಕೊಂಡಿರುತ್ತದೆ. ಅಂದರೆ ಜಾತಿ ಹೇಳಬಹುದು, ತಳಿ ಹೇಳಲು ಆಗುವುದಿಲ್ಲ. ಔಷಧಿಗೆ ಬಗ್ಗುವ ಪರೋಪಜೀವಿಯನ್ನೂ ಬಗ್ಗದ್ದನ್ನೂ ಪಕ್ಕಪಕ್ಕ ಇಟ್ಟರೂ ನನ್ನ ಕಣ್ಣಿಗೆ ಎರಡೂ ಒಂದೇ.

ಸುಮ್ನೆಓದುವವ · ಸೋಮವಾರ, ರಾತ್ರಿ 10:22

ಮಲೇರಿಯಾ ಲಿವರಿನಲ್ಲಿ ಅಡಗಿ ಕೂತು ತಿಂಗಳುಗಟ್ಟಲೆ ಆದ ಮೇಲೆ ವಾಪಸ್ ಬರುತ್ತದೆ ಅಂತ ಓದಿದ ನೆನಪು. ಅದೇ ಇರಬೇಕು.

ಗಾಜಿನಪಟ್ಟಿ · ಸೋಮವಾರ, ರಾತ್ರಿ 10:31

ಅದು ವೈವ್ಯಾಕ್ಸ್ ಮತ್ತು ಓವೇಲ್ ಮಾಡುವ ಕೆಲಸ. ಫಾಲ್ಸಿಪೇರಮ್ ಲಿವರಿನಲ್ಲಿ ಮಲಗುವುದಿಲ್ಲ. ಅದು ವಾಪಸ್ ಬಂದರೆ ರಕ್ತದಲ್ಲೇ ಅಳಿದುಳಿದದ್ದು ಬೆಳೆದಿರಬೇಕು, ಇಲ್ಲ ಹೊಸದಾಗಿ ಸೊಳ್ಳೆ ಕಚ್ಚಿರಬೇಕು. ಮೂರನೇ ದಾರಿ ಇಲ್ಲ.

ಜೆಲ್‌ರಾತ್ರಿ · ಸೋಮವಾರ, ರಾತ್ರಿ 11:50

ಮಳೆಬಿಲ್ಲು ಅವರೇ, ನಿಮ್ಮ ಪ್ರಶ್ನೆಗೆ ಉತ್ತರ ಹುಡುಕುವುದೇ ನಾನು ಮೂರು ವರ್ಷ ಮಾಡಿದ ಕೆಲಸ. ಆದ್ದರಿಂದ ಇದೂ ಉದ್ದ ಆಗುತ್ತದೆ, ಈಗ ನೀವು ಬೇಜಾರು ಮಾಡಿಕೊಳ್ಳಬೇಡಿ.

ಹೊಸ ಮಲೇರಿಯಾ ಔಷಧಿಯನ್ನು ಪರೀಕ್ಷಿಸುವಾಗ ಇದೇ ತಲೆನೋವು ಬರುತ್ತದೆ. ರೋಗಿಗೆ ಮಾತ್ರೆ ಕೊಟ್ಟು 28 ಇಲ್ಲವೇ 42 ದಿನ ಹಿಂಬಾಲಿಸುತ್ತಾರೆ. ನಡುವೆ ಪರೋಪಜೀವಿ ಮತ್ತೆ ಕಂಡರೆ ಔಷಧಿ ಸೋತಿತಾ, ಇಲ್ಲ ಹೊಸ ಸೊಳ್ಳೆ ಕಚ್ಚಿತಾ? ಹೊಸ ಸೊಳ್ಳೆಯ ತಪ್ಪನ್ನು ಔಷಧಿಯ ತಲೆಗೆ ಕಟ್ಟುವ ಹಾಗಿಲ್ಲ. ಅದಕ್ಕೆ ಮೊದಲ ದಿನವೇ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಫಿಲ್ಟರ್ ಕಾಗದದ ಮೇಲೆ ಒಣಗಿಸಿ ಇಟ್ಟುಕೊಂಡಿರುತ್ತಾರೆ. ಮತ್ತೆ ಜ್ವರ ಬಂದ ದಿನ ಇನ್ನೊಂದು ಹನಿ. ಎರಡರಿಂದಲೂ ಡಿಎನ್‌ಎ ತೆಗೆದು ಹೋಲಿಸುತ್ತಾರೆ.

ಪೂರ್ತಿ ಡಿಎನ್‌ಎ ಓದಬೇಕಿಲ್ಲ. ಪರೋಪಜೀವಿಯ ಮೈಮೇಲಿನ ಒಂದು ಪ್ರೋಟೀನಿಗೆ ಎಂಎಸ್‌ಪಿ2 ಅಂತ ಹೆಸರು. ಅದರ ಜೀನಿನ ನಡುಭಾಗದಲ್ಲಿ ಒಂದೇ ತುಣುಕು ಸಾಲಾಗಿ ಮತ್ತೆ ಮತ್ತೆ ಬರುತ್ತದೆ. ಒಂದು ಪರೋಪಜೀವಿಯಲ್ಲಿ ಮೂರು ಸಲ, ಇನ್ನೊಂದರಲ್ಲಿ ಏಳು ಸಲ. ಹಾಗಾಗಿ ಜೀನಿನ ಉದ್ದವೇ ಬೇರೆ ಬೇರೆ. ಪಿಸಿಆರ್ ಮಾಡಿ ಆ ಭಾಗವನ್ನು ಹೆಚ್ಚಿಸಿ ಜೆಲ್ ಅನ್ನುವ ಜೆಲ್ಲಿಯಂಥ ಹಾಳೆಯಲ್ಲಿ ಕರೆಂಟ್ ಕೊಟ್ಟು ಓಡಿಸಿದರೆ, ಗಿಡ್ಡದ್ದು ಬೇಗ ಓಡಿ ಕೆಳಗೆ ಹೋಗುತ್ತದೆ, ಉದ್ದದ್ದು ಮೇಲೆ ಉಳಿಯುತ್ತದೆ. ನೇರಳಾತೀತ ಬೆಳಕಿನಲ್ಲಿ ಗೆರೆಗಳು ಹೊಳೆಯುತ್ತವೆ.

ಒಂದು ಉದಾಹರಣೆ ಕೊಡುತ್ತೇನೆ. ಮೊದಲ ದಿನದ ಸಾಲಿನಲ್ಲಿ ಎರಡು ಗೆರೆ ಇದೆ, ಒಂದು ಮೇಲೆ, ಒಂದು ಕೆಳಗೆ. ಎರಡನೇ ಜ್ವರದ ಸಾಲಿನಲ್ಲಿ ಮೇಲಿನದು ಮಾತ್ರ ಇದೆ. ಇದರರ್ಥ: ಮೊದಲ ದಿನ ಮೈಯಲ್ಲಿ ಕಡಿಮೆ ಅಂದರೂ ಎರಡು ಬಗೆ ಇದ್ದವು, ಒಂದು ಸತ್ತಿತು, ಇನ್ನೊಂದು ಉಳಿಯಿತು. ಹಳೆಯದೇ ಅಂತ ಅನುಮಾನ. ಅದರ ಬದಲು ಎಲ್ಲೂ ಇಲ್ಲದ ಜಾಗದಲ್ಲಿ ಒಂದೇ ಹೊಸ ಗೆರೆ ಕಂಡರೆ? ಹೊಸದು.

ಒಂದೇ ಜೀನನ್ನು ನಂಬುವುದಿಲ್ಲ. ಇನ್ನೂ ಎರಡು ಗುರುತುಗಳನ್ನು ನೋಡುತ್ತಾರೆ. ಮೂರರಲ್ಲೂ ಮೊದಲ ದಿನದ ಗೆರೆಗಳಲ್ಲಿ ಒಂದಾದರೂ ತಾಳೆಯಾದರೆ ಹಳೆಯದು. ಒಂದರಲ್ಲಾದರೂ ಎಲ್ಲ ಗೆರೆ ಹೊಸದೇ ಆಗಿದ್ದರೆ ಹೊಸದು ಅಂತ ಲೆಕ್ಕ.

ಇಷ್ಟೆಲ್ಲ ಹೇಳಿ ಒಂದು ಕೊಂಕು: ಜೆಲ್ ಕೂಡ ಮೋಸ ಮಾಡುತ್ತದೆ. ಮೊದಲ ದಿನ ನೂರಕ್ಕೆ ಒಂದರಷ್ಟು ಮಾತ್ರ ಇದ್ದ ಬಗೆ ಗೆರೆಯಾಗಿ ಕಾಣುವುದೇ ಇಲ್ಲ. ಅದೇ ಔಷಧಿಯಿಂದ ತಪ್ಪಿಸಿಕೊಂಡು ಬೆಳೆದರೆ ನಾವು ‘ಹೊಸದು’ ಅಂತ ಬರೆದುಬಿಡುತ್ತೇವೆ. ಔಷಧಿ ಬಚಾವ್!

ಮಳೆಬಿಲ್ಲು · ಮಂಗಳವಾರ, ಬೆಳಿಗ್ಗೆ 7:05

ಮೇಡಂ, ಒಂದು ನಿಮಿಷ. ‘ಕಡಿಮೆ ಅಂದರೂ ಎರಡು ಬಗೆ’ ಅಂದಿರಿ. ಒಬ್ಬನ ಮೈಯಲ್ಲಿ ಒಂದೇ ಸಲಕ್ಕೆ ಎರಡು ತಳಿ ಇರಬಹುದಾ? ನಾನು ಒಂದು ಜ್ವರಕ್ಕೆ ಒಂದು ರೋಗಾಣು ಅಂದುಕೊಂಡಿದ್ದೆ.

ಜೆಲ್‌ರಾತ್ರಿ · ಮಂಗಳವಾರ, ಬೆಳಿಗ್ಗೆ 8:30

ಇರಬಹುದು ಏನು, ಮಲೇರಿಯಾ ಜಾಸ್ತಿ ಇರುವ ಜಾಗದಲ್ಲಿ ಇರುವುದೇ ಹಾಗೆ. ಎರಡು ಸೊಳ್ಳೆ ಕಚ್ಚಿ ಎರಡು ಬಗೆ ಬರಬಹುದು. ಒಂದೇ ಸೊಳ್ಳೆಯೇ ಹಲವು ಬಗೆ ಹೊತ್ತು ತರಬಹುದು.

(ಅಂದಹಾಗೆ ಮೇಡಂ ಬೇಡ, ಅಕ್ಕ ಅನ್ನಿ.)

ಹಳೇಮೇಷ್ಟ್ರು · ಮಂಗಳವಾರ, ಬೆಳಿಗ್ಗೆ 10:10

ನಾಯಿ ತಳಿಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಅದು ಒಳ್ಳೆಯ ಪ್ರಶ್ನೆ. ನಿವೃತ್ತ ಜೀವಶಾಸ್ತ್ರದ ಮೇಷ್ಟ್ರು ಸುಮ್ಮನೆ ಕೂರಲಾರ.

3ಡಿ7 ಅನ್ನುವುದು ಪ್ರಕೃತಿಯಲ್ಲಿ ಓಡಾಡುವ ತಳಿ ಅಲ್ಲ. ಅದು ಲ್ಯಾಬಿನ ಬಾಟಲಿಯಲ್ಲಿ ಬದುಕುವ ಒಂದು ಮನೆತನ. ನೆದರ್ಲೆಂಡ್ಸ್‌ನಲ್ಲಿ ಸ್ಕಿಪೋಲ್ ವಿಮಾನ ನಿಲ್ದಾಣದ ಹತ್ತಿರ ವಾಸವಿದ್ದ ಒಬ್ಬರಿಗೆ ದೇಶ ಬಿಟ್ಟು ಹೋಗದೇ ಮಲೇರಿಯಾ ಬಂತು. ವಿಮಾನದಲ್ಲಿ ಬಂದ ಸೊಳ್ಳೆ ಕಚ್ಚಿರಬೇಕು. ಅವರ ರಕ್ತದಿಂದ ಬೆಳೆಸಿದ್ದಕ್ಕೆ ಎನ್‌ಎಫ್54 ಅಂತ ಹೆಸರಿಟ್ಟರು. ಅದರಲ್ಲಿ ಒಂದೇ ಒಂದು ಪರೋಪಜೀವಿಯನ್ನು ಬೇರ್ಪಡಿಸಿ ಅದರ ಸಂತಾನವನ್ನಷ್ಟೇ ಬೆಳೆಸಿದಾಗ ಸಿಕ್ಕಿದ್ದು 3ಡಿ7. ಡಿಎನ್‌ಎ ನೋಡಿದರೆ ಆಫ್ರಿಕಾ ಮೂಲದ್ದು. 2002ರಲ್ಲಿ ಫಾಲ್ಸಿಪೇರಮ್‌ನ ಪೂರ್ತಿ ಡಿಎನ್‌ಎ ಓದಿ ಪ್ರಕಟಿಸಿದ್ದೂ ಇದರದ್ದೇ: 14 ವರ್ಣತಂತು, ಸುಮಾರು 2.3 ಕೋಟಿ ಅಕ್ಷರ, 5,300ರಷ್ಟು ಜೀನು. ಎಚ್‌ಬಿ3 ಹೊಂಡುರಾಸ್‌ನದು, ಡಿಡಿ2 ಆಗ್ನೇಯ ಏಷ್ಯಾದ್ದು.

ಈಗ ಅಸಲಿ ವಿಷಯ. ನಾಯಿ ತಳಿ ಶುದ್ಧವಾಗಿ ಉಳಿಯುವುದು ಯಾಕೆ? ಯಾರ ಜೊತೆ ಯಾರು ಕೂಡಬೇಕು ಅಂತ ಮನುಷ್ಯ ಕಾವಲು ಕಾಯುತ್ತಾನೆ. ಮಲೇರಿಯಾಕ್ಕೆ ಕಾವಲುಗಾರ ಇಲ್ಲ. ನಮ್ಮ ಮೈಯೊಳಗೆ ಅದು ಒಂಟಿ ಪ್ರತಿ ಡಿಎನ್‌ಎ ಇಟ್ಟುಕೊಂಡು ತನ್ನನ್ನೇ ನಕಲು ಮಾಡುತ್ತಾ ಹೋಗುತ್ತದೆ. ಮದುವೆ ಆಗುವುದು ಸೊಳ್ಳೆಯ ಹೊಟ್ಟೆಯಲ್ಲಿ. ಸೊಳ್ಳೆ ರಕ್ತ ಹೀರಿ ಹತ್ತು ಹದಿನೈದು ನಿಮಿಷದಲ್ಲಿ ಒಂದೊಂದು ಗಂಡು ಕೋಶ ಒಡೆದು ಎಂಟು ಬಾಲದ ಗಂಡಾಣುಗಳು ಚಿಮ್ಮುತ್ತವೆ. ಅವು ಹೆಣ್ಣಾಣುವನ್ನು ಹುಡುಕಿ ಕೂಡುತ್ತವೆ. ಆ ಸ್ವಲ್ಪ ಹೊತ್ತು ಮಾತ್ರ ಅದಕ್ಕೆ ಜೋಡಿ ಡಿಎನ್‌ಎ. ಅಲ್ಲೇ ಎರಡನ್ನೂ ಇಸ್ಪೀಟ್ ಎಲೆ ಕಲಸಿದ ಹಾಗೆ ಕಲಸಿ ಮತ್ತೆ ಒಂಟಿಯಾಗುತ್ತದೆ.

ಸೊಳ್ಳೆ ಹೀರಿದ ರಕ್ತದಲ್ಲಿ ಒಂದೇ ಬಗೆ ಇದ್ದರೆ ಕಲಸಿದರೂ ಅದೇ ಕಟ್ಟು. ಎರಡು ಬಗೆ ಇದ್ದರೆ ಹುಟ್ಟುವ ಮರಿಗಳು ಅಪ್ಪನ ಹಾಗೂ ಇಲ್ಲ, ಅಮ್ಮನ ಹಾಗೂ ಇಲ್ಲ. ಮುಂದಿನ ಸೊಳ್ಳೆಯಲ್ಲಿ ಮತ್ತೆ ಕಲಸು. ಹೀಗಿರುವಾಗ ‘ತಳಿ’ ಅಂತ ಯಾವುದನ್ನು ಕರೆಯುವುದು? ನನ್ನ ಕೇಳಿದರೆ ಮಲೇರಿಯಾಕ್ಕೆ ಆ ಪದವೇ ಹೊಂದುವುದಿಲ್ಲ. ಯಾವ ಜೀನಿನಲ್ಲಿ ಯಾವ ಬದಲಾವಣೆ ಇದೆ ಅಂತ ಕೇಳಿ, ಯಾವ ತಳಿ ಅಂತ ಕೇಳಬೇಡಿ.

ಸಂಶಯಪಿಶಾಚಿ · ಮಂಗಳವಾರ, ಮಧ್ಯಾಹ್ನ 1:20

ಮೇಷ್ಟ್ರೇ, ಎಲ್ಲ ಸರಿ. ಆದರೆ ಔಷಧಿಗೆ ಬಗ್ಗದ ಮಲೇರಿಯಾ ಹುಟ್ಟಿದ್ದೇ ಔಷಧಿಯಿಂದ ಅಲ್ವಾ? ಔಷಧಿ ಕೊಟ್ಟೂ ಕೊಟ್ಟೂ ರೋಗಾಣುವಿಗೆ ಪಾಠ ಕಲಿಸಿದ್ದೇವೆ. ಕೊಡದೇ ಇದ್ದರೆ ಅದು ಕಲಿಯುತ್ತಲೇ ಇರಲಿಲ್ಲ.

ಹಳೇಮೇಷ್ಟ್ರು · ಮಂಗಳವಾರ, ಮಧ್ಯಾಹ್ನ 2:45

ಅರ್ಧ ಸರಿ. ‘ಕಲಿಯುತ್ತದೆ’ ಅನ್ನುವುದು ತಪ್ಪು.

ಲೆಕ್ಕ ಹಾಕಿ. ನೂರು ಕೆಂಪು ರಕ್ತಕಣಕ್ಕೆ ಒಂದರಲ್ಲಿ ಪರೋಪಜೀವಿ ಇದೆ ಅಂದುಕೊಳ್ಳಿ. ದೊಡ್ಡವರ ಮೈಯಲ್ಲಿ ಅದು 20 ಸಾವಿರ ಕೋಟಿಗೂ ಮೇಲಾಗುತ್ತದೆ. ಎರಡು ದಿನಕ್ಕೊಮ್ಮೆ ಅಷ್ಟೂ ಡಿಎನ್‌ಎ ನಕಲಾಗಬೇಕು. ಅಷ್ಟು ಬರೆಯುವಾಗ ಕೈತಪ್ಪು ಆಗೇ ಆಗುತ್ತದೆ. ಔಷಧಿ ಬರುವ ಮೊದಲೇ ಆ ತಪ್ಪುಗಳು ಅಲ್ಲಿರುತ್ತವೆ. ಔಷಧಿ ಬಂದ ಮೇಲೆ ಬೇರೆಯವು ಸಾಯುತ್ತವೆ, ಒಂದು ನಿರ್ದಿಷ್ಟ ತಪ್ಪು ಇದ್ದದ್ದು ಉಳಿಯುತ್ತದೆ. ಕಲಿತದ್ದು ಏನೂ ಇಲ್ಲ, ಜರಡಿ ಹಿಡಿದದ್ದು ಅಷ್ಟೇ.

ಕ್ಲೋರೋಕ್ವಿನ್ ಅನ್ನುವ ಹಳೆಯ ಮಲೇರಿಯಾ ಔಷಧಿಯ ಕಥೆ ಕೇಳಿ. 1950ರ ದಶಕದ ಕೊನೆಗೆ ಎರಡು ಕಡೆ ಅದು ಕೈಕೊಟ್ಟಿತು: ಥಾಯ್ಲೆಂಡ್–ಕಾಂಬೋಡಿಯಾ ಗಡಿ, ಮತ್ತು ಕೊಲಂಬಿಯಾ. 1970ರ ದಶಕದ ಕೊನೆಗೆ ಪೂರ್ವ ಆಫ್ರಿಕಾದಲ್ಲೂ ಕಾಣಿಸಿಕೊಂಡಿತು. ಆಫ್ರಿಕಾದ್ದು ಅಲ್ಲೇ ಹುಟ್ಟಿದ್ದಲ್ಲ, ಏಷ್ಯಾದಿಂದ ಬಂದದ್ದು ಅಂತ ಡಿಎನ್‌ಎ ಹೇಳಿತು. ಯಾವ ಜೀನು ಕಾರಣ ಅಂತ ಹುಡುಕಲು ಎಚ್‌ಬಿ3 ಮತ್ತು ಡಿಡಿ2 ಎರಡನ್ನೂ ಬೇಕೆಂದೇ ಸೊಳ್ಳೆಯಲ್ಲಿ ಕೂಡಿಸಿ ಮರಿಗಳನ್ನು ಪರೀಕ್ಷಿಸಿದರು. ಡಿಡಿ2 ಕ್ಲೋರೋಕ್ವಿನ್‌ಗೆ ಬಗ್ಗದ್ದು, ಎಚ್‌ಬಿ3 ಬಗ್ಗುವುದು. ಬಗ್ಗದ ಮರಿಗಳಲ್ಲೆಲ್ಲ ಡಿಡಿ2ವಿನ ಯಾವ ತುಂಡು ತಪ್ಪದೇ ಇದೆ ಅಂತ ನೋಡುತ್ತಾ ಹೋದರು. 7ನೇ ವರ್ಣತಂತು ಸಿಕ್ಕಿತು. ಆ ಕೂಡಿಕೆಯ ಫಲಿತಾಂಶ ಬಂದದ್ದು 1990ರಲ್ಲಿ, ಜೀನು ಕೈಗೆ ಸಿಕ್ಕಿದ್ದು 2000ದಲ್ಲಿ. ಹತ್ತು ವರ್ಷ! ಪಿಎಫ್‌ಸಿಆರ್‌ಟಿ ಅಂತ ಹೆಸರಿಟ್ಟರು. ಆ ಜೀನು ಮಾಡುವ ಪ್ರೋಟೀನಿನ ಸರಪಳಿಯಲ್ಲಿ 76ನೇ ಕೊಂಡಿ ಬದಲಾಗಿದ್ದರೆ ಪರೋಪಜೀವಿ ತನ್ನ ಹೊಟ್ಟೆಯೊಳಗೆ ಸೇರಿದ ಕ್ಲೋರೋಕ್ವಿನನ್ನು ಹೊರಗೆ ತಳ್ಳಿಬಿಡುತ್ತದೆ.

ಸಂಶಯಪಿಶಾಚಿ · ಮಂಗಳವಾರ, ಮಧ್ಯಾಹ್ನ 3:02

ಹಾಗಾದರೆ ಔಷಧಿ ನಿಲ್ಲಿಸಿದರೂ ಪ್ರಯೋಜನ ಇಲ್ಲ. ಒಂದು ಸಲ ಜರಡಿಯಲ್ಲಿ ಉಳಿದದ್ದು ಉಳಿದೇ ಬಿಟ್ಟಿತು.

ಜೆಲ್‌ರಾತ್ರಿ · ಮಂಗಳವಾರ, ಸಂಜೆ 5:40

ಮಲಾವಿಯಲ್ಲಿ ಏನಾಯಿತು ಅಂತ ಕೇಳಿದರೆ ನಿಮಗೆ ಖುಷಿ ಆಗುತ್ತದೆ, ಪಿಶಾಚಿಯವರೇ. ಅಲ್ಲಿ 1993ರಲ್ಲಿ ಕ್ಲೋರೋಕ್ವಿನ್ ಕೈಬಿಟ್ಟು ಬೇರೆ ಔಷಧಿ ತಂದರು. 1992ರಲ್ಲಿ ನೂರಕ್ಕೆ 85 ಮಾದರಿಗಳಲ್ಲಿ ಆ 76ನೇ ಕೊಂಡಿಯ ಬದಲಾವಣೆ ಇತ್ತು. 2000ದಲ್ಲಿ ನೂರಕ್ಕೆ 13. ಆಮೇಲೆ ಮಕ್ಕಳಿಗೆ ಮತ್ತೆ ಕ್ಲೋರೋಕ್ವಿನ್ ಕೊಟ್ಟು ಪರೀಕ್ಷಿಸಿದರು. 2006ರಲ್ಲಿ ಫಲಿತಾಂಶ ಬಂತು: ನೂರಕ್ಕೆ 99ರಷ್ಟು ಗುಣ.

ಯಾಕೆ? ಆ ಬದಲಾವಣೆಗೆ ಪರೋಪಜೀವಿ ಬೆಲೆ ತೆರುತ್ತದೆ. ಕ್ಲೋರೋಕ್ವಿನ್ ಇದ್ದಾಗ ಅದು ಗುರಾಣಿ. ಇಲ್ಲದಾಗ ಅದೇ ಹೊರೆ. ಗುರಾಣಿ ಹೊತ್ತವನು ಓಟದಲ್ಲಿ ಹಿಂದೆ ಬೀಳುತ್ತಾನೆ. ಬದಲಾದ ಕೊಂಡಿ ತಿರುಗಿ ಹಳೆಯದಾಗಲಿಲ್ಲ. ಎಲ್ಲೋ ಮೂಲೆಯಲ್ಲಿ ಉಳಿದುಕೊಂಡಿದ್ದ ಬದಲಾಗದ ಪರೋಪಜೀವಿಗಳ ಸಂತಾನವೇ ಮತ್ತೆ ತುಂಬಿಕೊಂಡಿತು.

ಎಲ್ಲ ಕಡೆ ಹೀಗೇ ಆಯಿತು ಅಂದುಕೊಳ್ಳಬೇಡಿ. ವೈವ್ಯಾಕ್ಸ್‌ಗೆ ಕ್ಲೋರೋಕ್ವಿನ್ ಕೊಡುತ್ತಲೇ ಇರುವ ಜಾಗಗಳಲ್ಲಿ ಜೊತೆಗಿರುವ ಫಾಲ್ಸಿಪೇರಮ್ ಮೇಲೂ ಅದೇ ಒತ್ತಡ ಇದ್ದೇ ಇರುತ್ತದೆ.

ವಾರ್ಡ್‌ರೌಂಡ್ · ಮಂಗಳವಾರ, ರಾತ್ರಿ 9:15

ಡ್ಯೂಟಿ ಮುಗಿಸಿ ಈಗ ಓದಿದೆ. ರೇಗಿದ ಆ ಡಾಕ್ಟರ ಪರವಾಗಿ ಅಲ್ಲ, ಆದರೆ ಒಂದು ಮಾತು.

ಮಂಚದ ಪಕ್ಕ ನಿಂತಾಗ ನಮ್ಮ ಹತ್ತಿರ ಜೆಲ್ ಇರುವುದಿಲ್ಲ. ಗೆರೆ ಬರುವ ತನಕ ಕಾದರೆ ರೋಗಿಯೇ ಉಳಿಯುವುದಿಲ್ಲ, ಫಾಲ್ಸಿಪೇರಮ್ ಅಷ್ಟು ಅವಸರದ್ದು. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಒಂದು ದಿನದ ಗೆರೆ ಎಳೆದಿದೆ: 28 ದಿನದೊಳಗೆ ವಾಪಸ್ ಬಂದರೆ ಔಷಧಿ ಸೋತಿರಬಹುದು ಅಂತ ತಿಳಿದು ಬೇರೆ ಔಷಧಿ. 28 ದಿನ ದಾಟಿದರೆ ಹೊಸದು ಅಂತಲೇ ತಿಳಿದು ಮೊದಲಿನ ಸಾಲಿನ ಔಷಧಿಯೇ ಮತ್ತೆ. 36ನೇ ದಿನ ಅಂದರೆ ನಿಮ್ಮ ತಮ್ಮ ಎರಡನೇ ಲೆಕ್ಕಕ್ಕೆ ಬರುತ್ತಾನೆ. ಅಂದರೆ ‘ಮಾತ್ರೆ ಅರ್ಧಕ್ಕೆ ಬಿಟ್ಟಿರಿ’ ಅಂತ ಬೈಯುವುದಕ್ಕೆ ಆಧಾರ ಇರಲಿಲ್ಲ. ಪೂರ್ತಿ ಮಾತ್ರೆ ನುಂಗಿದವರಲ್ಲೂ ಔಷಧಿ ರಕ್ತಕ್ಕೆ ಸರಿಯಾಗಿ ಸೇರದೇ ಹಳೆಯದು ಉಳಿಯುವುದುಂಟು.

ಇನ್ನೊಂದು. ಪರೀಕ್ಷೆಯ ಕಿಟ್‌ನಲ್ಲಿ ನೋಡಿದರಾ, ಸ್ಲೈಡಿನಲ್ಲಾ? ಬಹಳ ಕಿಟ್‌ಗಳು ಹುಡುಕುವುದು ಎಚ್‌ಆರ್‌ಪಿ2 ಅನ್ನುವ ಪ್ರೋಟೀನನ್ನು. ಪರೋಪಜೀವಿ ಸತ್ತ ಮೇಲೂ ಅದು ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಕಿಟ್‌ನಲ್ಲಿ ಮಾತ್ರ ಗೆರೆ ಬಂದಿದ್ದರೆ ಅದು ಹಳೆಯ ಪ್ರೋಟೀನಿನ ಬಾಕಿಯೂ ಇರಬಹುದು.

ಮಳೆಬಿಲ್ಲು · ಮಂಗಳವಾರ, ರಾತ್ರಿ 9:30

ಎರಡೂ ಸಲ ಸ್ಲೈಡಿನಲ್ಲೇ ಕಂಡದ್ದು ಸರ್. ಮೊದಲ ಸಲ ಕಿಟ್‌ನಲ್ಲೂ ಬಂದಿತ್ತು.

ಗಾಜಿನಪಟ್ಟಿ · ಮಂಗಳವಾರ, ರಾತ್ರಿ 10:05

ಕಿಟ್ ವಿಷಯ ಬಂತಲ್ಲ, ಅದಕ್ಕೆ ಹೇಳುತ್ತೇನೆ. ಈ ಎಚ್‌ಆರ್‌ಪಿ2 ಜೀನು ಕಳೆದುಕೊಂಡ ಪರೋಪಜೀವಿಗಳೂ ಇವೆ! ಪೆರುವಿನ ಅಮೆಜಾನ್ ಕಾಡಿನ ಮಾದರಿಗಳಲ್ಲಿ ಸಿಕ್ಕಿದ್ದು 2010ರಲ್ಲಿ ಪ್ರಕಟವಾಯಿತು. ಆಮೇಲೆ ಎರಿಟ್ರಿಯಾದಲ್ಲಿ ಎಷ್ಟು ಜಾಸ್ತಿ ಆಯಿತು ಅಂದರೆ ಅಲ್ಲಿ ಕಿಟ್ಟೇ ಬದಲಾಯಿಸಬೇಕಾಯಿತು. ಜ್ವರದಿಂದ ನಡುಗುತ್ತಿರುವವನ ರಕ್ತದಲ್ಲಿ ಪರೋಪಜೀವಿ ತುಂಬಿದೆ, ಕಿಟ್ ಮಾತ್ರ ‘ಇಲ್ಲ’ ಅನ್ನುತ್ತದೆ. ಕಿಟ್ ‘ಇಲ್ಲ’ ಅಂದವರಿಗೆ ಮಾತ್ರೆ ಕೊಡುವುದಿಲ್ಲ. ಅಂದರೆ ಜೀನು ಕಳೆದುಕೊಂಡದ್ದೇ ಪರೋಪಜೀವಿಗೆ ಲಾಭ. ಮೇಷ್ಟ್ರು ಹೇಳಿದ ಜರಡಿ ಇಲ್ಲೂ ಇದೆ, ಆದರೆ ಇಲ್ಲಿ ಜರಡಿ ಹಿಡಿದದ್ದು ಔಷಧಿ ಅಲ್ಲ, ಪರೀಕ್ಷೆ.

ತಮಾಷೆ ಅಂದರೆ ಮೇಲೆ ಬಂದ ಡಿಡಿ2ವಿನಲ್ಲೂ ಎಚ್‌ಆರ್‌ಪಿ2 ಇಲ್ಲ. ಕಿಟ್‌ಗೆ ಅದು ಕಾಣದೇ ಹೋದರೆ ಆಶ್ಚರ್ಯ ಇಲ್ಲ.

ಸುಮ್ನೆಓದುವವ · ಮಂಗಳವಾರ, ರಾತ್ರಿ 10:11

ಸ್ಲೈಡ್ ನೋಡುವವರ ಕೆಲಸ ಉಳಿಯಿತು ಅಂತಾಯ್ತು 😀

ಗಾಜಿನಪಟ್ಟಿ · ಮಂಗಳವಾರ, ರಾತ್ರಿ 10:13

ಸದ್ಯಕ್ಕೆ.

ಜೆಲ್‌ರಾತ್ರಿ · ಬುಧವಾರ, ಬೆಳಿಗ್ಗೆ 8:50

ಮೇಷ್ಟ್ರೇ, ನಿನ್ನೆಯಿಂದ ನಿಮ್ಮ ಒಂದು ಮಾತು ಚುಚ್ಚುತ್ತಿದೆ. ‘ತಳಿ ಅನ್ನುವ ಪದವೇ ಹೊಂದುವುದಿಲ್ಲ’ ಅಂದಿರಿ. ಆಫ್ರಿಕಾದ ಮಟ್ಟಿಗೆ ಒಪ್ಪುತ್ತೇನೆ, ಅಲ್ಲಿ ಸೊಳ್ಳೆಗಳೂ ಜಾಸ್ತಿ, ಕಲಸುವುದೂ ಜಾಸ್ತಿ. ಕಾಂಬೋಡಿಯಾಕ್ಕೆ ಬನ್ನಿ.

ಈಗಿನ ಮುಖ್ಯ ಮಲೇರಿಯಾ ಔಷಧಿ ಆರ್ಟಿಮಿಸಿನಿನ್ ನಿಧಾನವಾಗಿ ಕೆಲಸ ಮಾಡುತ್ತಿದೆ ಅಂತ ಮೊದಲು ಗೊತ್ತಾದದ್ದು ಪಶ್ಚಿಮ ಕಾಂಬೋಡಿಯಾದಲ್ಲಿ. 2014ರಲ್ಲಿ ಕೆಲ್ಚ್13 ಅನ್ನುವ ಜೀನು ಕಾರಣ ಅಂತ ತಿಳಿಯಿತು. ಅದರ 580ನೇ ಕೊಂಡಿ ಬದಲಾದ ಪರೋಪಜೀವಿಗಳು ಆಮೇಲೆ ಜೊತೆಯ ಔಷಧಿಯಾದ ಪಿಪೆರಾಕ್ವಿನ್‌ನಿಂದಲೂ ತಪ್ಪಿಸಿಕೊಳ್ಳುವ ಇನ್ನೊಂದು ಬದಲಾವಣೆ ಗಳಿಸಿದವು. ಎರಡೂ ಸೇರಿದ ಆ ಮನೆತನ ಕಾಂಬೋಡಿಯಾ, ಲಾವೋಸ್, ಈಶಾನ್ಯ ಥಾಯ್ಲೆಂಡ್, ವಿಯೆಟ್ನಾಂ ತುಂಬ ಹಬ್ಬಿತು. ಅದಕ್ಕೆ ಕೆಇಎಲ್1/ಪಿಎಲ್‌ಎ1 ಅಂತ ಹೆಸರೂ ಇಟ್ಟರು. ಒಂದೇ ಮೂಲ, ಗಡಿ ದಾಟಿ ದೇಶ ದೇಶಕ್ಕೆ. ಇದನ್ನು ತಳಿ ಅನ್ನದೇ ಏನಂತೀರಿ?

ಕಾರಣವೂ ನಿಮ್ಮದೇ ಇಸ್ಪೀಟ್ ಕಟ್ಟಿನಲ್ಲಿದೆ. ಅಲ್ಲಿ ಮಲೇರಿಯಾ ಕಡಿಮೆ. ಒಬ್ಬ ರೋಗಿಯಲ್ಲಿ ಸಾಮಾನ್ಯವಾಗಿ ಒಂದೇ ಬಗೆ. ಸೊಳ್ಳೆಯಲ್ಲಿ ಅದು ತನ್ನನ್ನೇ ಮದುವೆಯಾಗುತ್ತದೆ. ಕಲಸಿದರೂ ಅದೇ ಕಟ್ಟು. ಹೀಗಾಗಿ ಎರಡು ಮೂರು ಜೀನುಗಳ ಒಳ್ಳೆಯ ಜೋಡಣೆ ಒಡೆಯದೇ ಉಳಿಯುತ್ತದೆ. ಹೊಸ ಬದಲಾವಣೆಗೆ ಮೈಯೊಳಗೆ ಪೈಪೋಟಿ ಕೊಡುವ ಬೇರೆ ಬಗೆಗಳೂ ಇಲ್ಲ. ಔಷಧಿಗೆ ಬಗ್ಗದ ಮಲೇರಿಯಾ ಮತ್ತೆ ಮತ್ತೆ ಅದೇ ಪ್ರದೇಶದಿಂದ ಏಳುವುದಕ್ಕೆ ಇದೂ ಒಂದು ಕಾರಣ ಅನ್ನುವ ವಾದ ಇದೆ. ನನಗೆ ಅದು ಬಹುಮಟ್ಟಿಗೆ ಸರಿ ಅನ್ನಿಸುತ್ತದೆ.

ಹಳೇಮೇಷ್ಟ್ರು · ಬುಧವಾರ, ಬೆಳಿಗ್ಗೆ 11:25

ಒಪ್ಪಿದೆ ತಾಯಿ. ಮಲೇರಿಯಾಕ್ಕೆ ತಳಿ ಅನ್ನುವುದು ಎಷ್ಟು ಹೊಂದುತ್ತದೆ ಅನ್ನುವುದು ಸೊಳ್ಳೆಯ ಹೊಟ್ಟೆಯಲ್ಲಿ ಎಷ್ಟು ಬಗೆ ಭೇಟಿಯಾಗುತ್ತವೆ ಅನ್ನುವುದರ ಮೇಲೆ ನಿಂತಿದೆ. ನಾನು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದೆ.

ಆದರೆ ಪೂರ್ತಿ ಬಿಟ್ಟುಕೊಡುವುದಿಲ್ಲ. ರುವಾಂಡಾದಲ್ಲಿ ಕೆಲ್ಚ್13ರ 561ನೇ ಕೊಂಡಿ ಬದಲಾದದ್ದು 2020ರಲ್ಲಿ ವರದಿಯಾಯಿತಲ್ಲ, ಅದು ಏಷ್ಯಾದಿಂದ ಬಂದದ್ದಲ್ಲ, ಅಲ್ಲೇ ಹುಟ್ಟಿದ್ದು. ‘ಏಷ್ಯಾದ ತಳಿ ಬರುತ್ತಾ’ ಅಂತ ಬಾಗಿಲು ಕಾಯುತ್ತಾ ಕೂತವರಿಗೆ ಅದು ಹಿತ್ತಿಲಲ್ಲೇ ಮೊಳೆತದ್ದು ಕಾಣುತ್ತಿರಲಿಲ್ಲ. ಜೀನು ನೋಡಿದವರಿಗೆ ಕಂಡಿತು.

ಜೆಲ್‌ರಾತ್ರಿ · ಬುಧವಾರ, ಬೆಳಿಗ್ಗೆ 11:32

ಸರಿ. ಸಮ ಸಮ.

ಕಾಡುಬೆಕ್ಕು · ಬುಧವಾರ, ಮಧ್ಯಾಹ್ನ 12:40

ಮಲೇರಿಯಾ ಬಿಟ್ಟು ಆಚೆ ಬನ್ನಿ, ತಳಿ ಪದಕ್ಕೆ ಪೂರ್ತಿ ಬೆಲೆ ಇರುವ ಪರೋಪಜೀವಿಗಳೂ ಇವೆ. ಟಾಕ್ಸೋಪ್ಲಾಸ್ಮಾ ತೆಗೆದುಕೊಳ್ಳಿ. ಯುರೋಪು, ಉತ್ತರ ಅಮೆರಿಕಾದಲ್ಲಿ ಬಹುಪಾಲು ಮೂರೇ ಮನೆತನ: 1, 2, 3. ಮೊದಲನೆಯದರ ಒಂದೇ ಒಂದು ಪರೋಪಜೀವಿ ಸಾಕು, ಲ್ಯಾಬಿನ ಇಲಿ ಸಾಯುತ್ತದೆ. ಎರಡನೆಯದನ್ನು ಸಾವಿರಗಟ್ಟಲೆ ಕೊಟ್ಟರೂ ಇಲಿ ಬದುಕಿಕೊಳ್ಳಬಹುದು. ದಕ್ಷಿಣ ಅಮೆರಿಕಾಕ್ಕೆ ಹೋದರೆ ಈ ಮೂರರ ಲೆಕ್ಕ ತಲೆಕೆಳಗು, ಅಲ್ಲಿ ಬಗೆಗಳು ವಿಪರೀತ.

ಇನ್ನು ಲೀಶ್ಮೇನಿಯಾ ಡೋನೊವಾನಿ. ಬಿಹಾರದಲ್ಲಿ ಅದು ಗುಲ್ಮ ಊದಿಸಿ ಕಾಲಾ ಅಜಾರ್ ತರುತ್ತದೆ, ಚಿಕಿತ್ಸೆ ಇಲ್ಲದಿದ್ದರೆ ಸಾವು. ಅದೇ ಜಾತಿ ಶ್ರೀಲಂಕಾದಲ್ಲಿ ಮುಖ್ಯವಾಗಿ ಚರ್ಮದ ಮೇಲೆ ಹುಣ್ಣು ಮಾಡುತ್ತದೆ. ಹೆಸರು ಒಂದೇ, ರೋಗ ಎರಡು. ರಿಪೋರ್ಟಿನಲ್ಲಿ ಜಾತಿ ಮಾತ್ರ ಬರೆದರೆ ಸಾಲದು ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ಮಳೆಬಿಲ್ಲು · ಬುಧವಾರ, ರಾತ್ರಿ 8:20

ತಲೆ ಗಿರ್ ಅಂತಿದೆ, ಆದರೆ ಖುಷಿ ಆಗ್ತಿದೆ. ಇನ್ನೊಂದೇ ಪ್ರಶ್ನೆ. ಸಿಡುಬು, ದಡಾರ ಒಂದು ಸಲ ಬಂದರೆ ಮತ್ತೆ ಬರುವುದಿಲ್ಲ ಅಂತಾರೆ. ತಮ್ಮನಿಗೆ ಒಂದೂವರೆ ತಿಂಗಳಲ್ಲಿ ಎರಡು ಸಲ. ಮೈ ಏನೂ ಕಲಿಯಲಿಲ್ವಾ?

ಜೆಲ್‌ರಾತ್ರಿ · ಬುಧವಾರ, ರಾತ್ರಿ 11:15

ಕಲಿಯಿತು. ಕಲಿತದ್ದು ಆ ಬಗೆಯ ಪಾಠ ಮಾತ್ರ.

ಫಾಲ್ಸಿಪೇರಮ್ ರಕ್ತಕಣದೊಳಗೆ ಕೂತ ಮೇಲೆ ಕಣದ ಹೊರಮೈಗೆ ಒಂದು ಅಂಟಿನ ಪ್ರೋಟೀನನ್ನು ಕಳಿಸುತ್ತದೆ. ಅದರಿಂದ ಕಣ ರಕ್ತನಾಳದ ಗೋಡೆಗೆ ಅಂಟಿಕೊಳ್ಳುತ್ತದೆ. ಅಂಟದಿದ್ದರೆ ಗುಲ್ಮಕ್ಕೆ ಹೋಗಿ ಅಲ್ಲಿ ಸೋಸಿ ನಾಶವಾಗುತ್ತದೆ. ಈ ಅಂಟಿನ ಪ್ರೋಟೀನನ್ನು ನಮ್ಮ ಮೈ ಗುರುತು ಹಿಡಿಯುತ್ತದೆ, ಪ್ರತಿಕಾಯ ಮಾಡುತ್ತದೆ. ಅಷ್ಟರಲ್ಲಿ ಪರೋಪಜೀವಿ ಅಂಟು ಬದಲಾಯಿಸಿರುತ್ತದೆ! ಅದರ ಹತ್ತಿರ ಇಂಥ ಅಂಟಿಗೆ ಸುಮಾರು 60 ಜೀನುಗಳಿವೆ, ವಾರ್ ಜೀನುಗಳು ಅಂತ ಹೆಸರು. ಒಂದು ಸಲಕ್ಕೆ ಒಂದನ್ನೇ ತೆರೆದಿಡುತ್ತದೆ, ಉಳಿದ 59 ಮುಚ್ಚಿರುತ್ತವೆ. ನಾವು ಚಾಪೆ ಕೆಳಗೆ ತೂರಿದರೆ ಅದು ರಂಗೋಲಿ ಕೆಳಗೆ ತೂರುತ್ತದೆ.

ಇದು ಒಂದೇ ಪರೋಪಜೀವಿಯ ಕಥೆ. ಪಕ್ಕದ ಬಗೆಯ ಹತ್ತಿರ ಇರುವ 60 ಬೇರೆಯೇ 60. ಎರಡರ ನಡುವೆ ತಾಳೆಯಾಗುವವು ಬಹಳ ಕಡಿಮೆ. ಹಾಗಾಗಿ ವರ್ಷಗಟ್ಟಲೆ ಮತ್ತೆ ಮತ್ತೆ ಕಚ್ಚಿಸಿಕೊಂಡವರಿಗೆ ಮಾತ್ರ ತಕ್ಕಮಟ್ಟಿಗೆ ರಕ್ಷಣೆ ಬರುತ್ತದೆ. ಅವರಿಗೂ ಪರೋಪಜೀವಿ ಬರುತ್ತದೆ, ಆದರೆ ಜೀವ ತೆಗೆಯುವ ಮಟ್ಟಕ್ಕೆ ಹೋಗುವುದು ಕಡಿಮೆ.

ಒಂದು ಅಪವಾದ ಹೇಳದಿದ್ದರೆ ನಿದ್ದೆ ಬರುವುದಿಲ್ಲ. ವಾರ್2ಸಿಎಸ್‌ಎ ಅನ್ನುವ ಒಂದು ಜೀನು ಬಹುತೇಕ ಎಲ್ಲ ಬಗೆಯಲ್ಲೂ ಇದೆ. ಅದರ ಅಂಟು ಹಿಡಿಯುವುದು ಬಸಿರಿನ ಮಾಸಿಗೆ. ಅದಕ್ಕೇ ಮಲೇರಿಯಾ ಕಂಡು ಪಳಗಿದ ಹೆಂಗಸೂ ಮೊದಲ ಬಸಿರಿನಲ್ಲಿ ಕಷ್ಟಕ್ಕೆ ಬೀಳುತ್ತಾಳೆ, ಈ ಅಂಟನ್ನು ಅವಳ ಮೈ ನೋಡಿಯೇ ಇರುವುದಿಲ್ಲ. ಮುಂದಿನ ಬಸಿರುಗಳಲ್ಲಿ ಅಷ್ಟು ಕಷ್ಟ ಇಲ್ಲ.

ಸಂಶಯಪಿಶಾಚಿ · ಗುರುವಾರ, ಬೆಳಿಗ್ಗೆ 7:45

ಇಷ್ಟು ವೇಷ ಹಾಕುವ ಪ್ರಾಣಿಗೆ ಲಸಿಕೆ ಮಾಡಿದ್ದೇವೆ ಅಂತಾರಲ್ಲ, ಯಾವ ವೇಷಕ್ಕೆ ಮಾಡಿದ್ದು?

ವಾರ್ಡ್‌ರೌಂಡ್ · ಗುರುವಾರ, ಬೆಳಿಗ್ಗೆ 8:10

ಈ ಸಲ ನಿಮ್ಮ ಪಿಶಾಚಿ ಸರಿಯಾದ ಮರಕ್ಕೇ ನೇತು ಬಿದ್ದಿದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಆರ್‌ಟಿಎಸ್,ಎಸ್ ಲಸಿಕೆ ವಾರ್ ಜೀನುಗಳ ತಂಟೆಗೇ ಹೋಗಿಲ್ಲ. ಸೊಳ್ಳೆ ಕಚ್ಚಿದಾಗ ಒಳಗೆ ಬರುವ ಹಂತದ ಮೈಮೇಲಿನ ಪ್ರೋಟೀನನ್ನು ಆರಿಸಿಕೊಂಡಿತು, ಅದು ಅಷ್ಟು ಬೇಗ ವೇಷ ಬದಲಿಸುವುದಿಲ್ಲ. ಮಾದರಿಗೆ ತೆಗೆದುಕೊಂಡದ್ದು ಮೇಷ್ಟ್ರ ಅದೇ 3ಡಿ7ನ ಪ್ರೋಟೀನು.

ಆದರೆ ಅದರಲ್ಲೂ ಬಗೆ ಇದೆ. ಲಸಿಕೆ ಪಡೆದ 5ರಿಂದ 17 ತಿಂಗಳ ಮಕ್ಕಳಲ್ಲಿ ಒಂದು ವರ್ಷದ ಲೆಕ್ಕ ತೆಗೆದರು. 3ಡಿ7ಗೆ ಪೂರ್ತಿ ಹೊಂದುವ ಪರೋಪಜೀವಿಯ ಮಲೇರಿಯಾದಿಂದ ಸುಮಾರು 50% ರಕ್ಷಣೆ. ಹೊಂದದವುಗಳಿಂದ ಸುಮಾರು 33%. ಆಫ್ರಿಕಾದಲ್ಲಿ ಹೊಂದದವುಗಳೇ ಜಾಸ್ತಿ. ಹಾಗಂತ ಲಸಿಕೆ ದಂಡ ಅಲ್ಲ. ವಾರ್ಡಿನಲ್ಲಿ ಮಕ್ಕಳನ್ನು ನೋಡಿದವನಿಗೆ 33% ಕೂಡ ಸಣ್ಣ ಸಂಖ್ಯೆ ಅಲ್ಲ.

ಸಂಶಯಪಿಶಾಚಿ · ಗುರುವಾರ, ಬೆಳಿಗ್ಗೆ 8:14

ದಂಡ ಅಂತ ನಾನು ಹೇಳಲೇ ಇಲ್ವಲ್ಲ ಡಾಕ್ಟರೇ.

ಮಳೆಬಿಲ್ಲು · ಗುರುವಾರ, ಸಂಜೆ 6:30

ಇವತ್ತು ಲ್ಯಾಬಿಗೆ ಹೋಗಿ ಕೇಳಿದೆ. ಎರಡನೇ ಸಲದ ಸ್ಲೈಡ್ ಇದೆಯಂತೆ. ಮೊದಲನೆಯದನ್ನು ತೊಳೆದು ಮತ್ತೆ ಬಳಸಿಬಿಟ್ಟಿದ್ದಾರೆ. ಒಂದೇ ಸ್ಲೈಡಿನಿಂದ ಏನಾದರೂ ಆಗುತ್ತಾ?

ಗಾಜಿನಪಟ್ಟಿ · ಗುರುವಾರ, ಸಂಜೆ 6:48

ಬಣ್ಣ ಹಾಕಿದ ಸ್ಲೈಡಿನಿಂದಲೂ ಡಿಎನ್‌ಎ ತೆಗೆಯಬಹುದು, ಕೆರೆದು ತೆಗೆಯುತ್ತಾರೆ. ಆದರೆ ಹೋಲಿಸುವುದಕ್ಕೆ ಮೊದಲನೆಯದು ಬೇಕಲ್ಲ. ಒಂದು ಕೈಯಲ್ಲಿ ಚಪ್ಪಾಳೆ ಹೇಗೆ? (ಸ್ಲೈಡ್ ತೊಳೆದು ಬಳಸಬಾರದು. ಹಳೆಯ ಗೀರು, ಹಳೆಯ ಬಣ್ಣದ ಕಲೆ ಎಲ್ಲ ಉಂಗುರದ ಹಾಗೇ ಕಂಡು ಯಾಮಾರಿಸುತ್ತವೆ.)

ಮಳೆಬಿಲ್ಲು · ಗುರುವಾರ, ರಾತ್ರಿ 9:55

ಅಂದರೆ ಹಳೆಯದಾ ಹೊಸದಾ ಅನ್ನುವುದು ಇನ್ನು ಯಾವತ್ತೂ ಗೊತ್ತಾಗುವುದಿಲ್ಲ. ಪರವಾಗಿಲ್ಲ, ಮಾತ್ರೆ ಬಿಟ್ಟಿರಲಿಲ್ಲ ಅನ್ನುವುದು ನನಗೆ ಗೊತ್ತಲ್ಲ.

ಇದನ್ನೆಲ್ಲ ತಮ್ಮನಿಗೆ ಓದಿ ಹೇಳಿದೆ. ಅವನ ಪ್ರಶ್ನೆ ಬೇರೆಯೇ: ‘ಹಾಗಾದರೆ ನನ್ನೊಳಗೆ ಒಟ್ಟು ಎಷ್ಟು ಬಗೆ ಇದ್ದವು?’ ಅಕ್ಕ, ಅದನ್ನಾದರೂ ಆ ಒಂದು ಸ್ಲೈಡಿನಿಂದ ಹೇಳಬಹುದಾ?

ಜೆಲ್‌ರಾತ್ರಿ · ಗುರುವಾರ, ರಾತ್ರಿ 11:40

ಜೆಲ್ ಓಡಿಸಿ ಗೆರೆ ಎಣಿಸಿದರೆ ಒಂದು ಸಂಖ್ಯೆ ಸಿಗುತ್ತದೆ. ಎರಡು ಬಗೆಗಳ ಎಂಎಸ್‌ಪಿ2 ಉದ್ದ ಒಂದೇ ಆಗಿದ್ದರೆ ಒಂದೇ ಗೆರೆಯಲ್ಲಿ ಸೇರಿಕೊಂಡಿರುತ್ತವೆ. ಗೋಡೆಗೆ ಅಂಟಿಕೊಂಡು ಬೆರಳಿನ ಹನಿಗೆ ಬಾರದೇ ಉಳಿದವೂ ಇರುತ್ತವೆ. ಅದಕ್ಕೆ ನಮ್ಮ ನೋಟ್‌ಬುಕ್‌ನಲ್ಲಿ ಆ ಸಂಖ್ಯೆಯ ಹಿಂದೆ ಯಾವಾಗಲೂ ಒಂದು ಪದ ಬರೆದಿರುತ್ತೇವೆ. ‘ಕನಿಷ್ಠ’ ಅಂತ.